ಶ್ವಾಸಕೋಶದ ಕೋಶಗಳಲ್ಲಿ ಪ್ರೋಟೀನ್ ಮುದ್ದೆಗಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಾಪ್ಸಿ ವರದಿಯ ಒಂದು ಸಾಲು ಎಷ್ಟೋ ಜನರ ನಿದ್ದೆ ಕೆಡಿಸುತ್ತದೆ. 'ಜೀವಕೋಶಗಳ ಒಳಗೆ ಅಸಹಜ ಪ್ರೋಟೀನ್ ಶೇಖರಣೆ ಕಂಡಿದೆ' ಅನ್ನುವ ಸಾಲು. ನಾನು ಲ್ಯಾಬ್‌ನಲ್ಲಿ ಬಯಾಪ್ಸಿಯ ತೆಳು ಪದರಗಳಿಗೆ ಬಣ್ಣ ಹಾಕುವ ಕೆಲಸವನ್ನು ಬಹಳ ವರ್ಷ ಮಾಡಿದ್ದೇನೆ. ವೈದ್ಯರು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಆ ಗುಲಾಬಿ ಮುದ್ದೆಗಳನ್ನು ನಾನೂ ನೋಡಿದ್ದೇನೆ. ಪರಿಚಯದವರು, ಅವರ ಮನೆಯವರು ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಚಿಕಿತ್ಸೆಯ ತೀರ್ಮಾನ ನಿಮ್ಮ ಶ್ವಾಸಕೋಶ ತಜ್ಞರದ್ದೇ. ಅವರು ಆಡುವ ಮಾತು ನಿಮಗೆ ಅರ್ಥವಾಗಲಿ ಅಂತ ಇದನ್ನು ಬರೆದಿದ್ದೇನೆ.

ಜೀವಕೋಶದ ಒಳಗೆ ಪ್ರೋಟೀನ್ ಶೇಖರಣೆ ಅಂದರೆ ಏನು?

ಜೀವಕೋಶ ತನಗೆ ಬೇಕಾದ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಹಳೆಯದಾದದ್ದನ್ನು, ಕೆಟ್ಟದ್ದನ್ನು ತಾನೇ ಒಡೆದು ಮತ್ತೆ ಬಳಸುತ್ತದೆ. ಈ ಎರಡೂ ಕೆಲಸ ಹಗಲೂ ರಾತ್ರಿ ಜೊತೆಜೊತೆಗೆ ನಡೆಯುತ್ತಿರುತ್ತವೆ. ಕೆಟ್ಟ ಪ್ರೋಟೀನ್ ಜಾಸ್ತಿಯಾಗಿ, ಒಡೆಯುವ ವೇಗ ಅದಕ್ಕೆ ಸಾಲದೆ ಹೋದರೆ, ಉಳಿದದ್ದು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ವರದಿಯಲ್ಲಿ ಬರೆದಿರುವುದು ಈ ಮುದ್ದೆಯ ಬಗ್ಗೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮುದ್ದೆ ಒಂದು ಕಾಯಿಲೆಯ ಹೆಸರಲ್ಲ. ಕೋಶದ ಮೇಲೆ ತಾಳಲಾರದ ಹೊರೆ ಬಿದ್ದಿದೆ ಅನ್ನುವುದಕ್ಕೆ ಅದು ಗುರುತು. ಹೊರೆ ಎಲ್ಲಿಂದ ಬಂತು ಅಂತ ಹುಡುಕುವುದೇ ಮುಂದಿನ ಕೆಲಸ. ಅದು ಹೊಗೆಯಿಂದ ಬಂದಿರಬಹುದು, ಧೂಳಿನಿಂದ ಬಂದಿರಬಹುದು, ಸೋಂಕಿನಿಂದ ಇರಬಹುದು, ಹುಟ್ಟಿನಿಂದಲೇ ಬಂದ ಜೀನ್ ದೋಷವೂ ಇರಬಹುದು. ಒಂದೇ ತರಹದ ಮುದ್ದೆಯ ಹಿಂದೆ ಬೇರೆ ಬೇರೆ ಕತೆ ಇರುತ್ತದೆ.

ಊಟದಲ್ಲಿ ಪ್ರೋಟೀನ್ ಜಾಸ್ತಿಯಾಗಿ ಹೀಗಾಯಿತೇ?

ಇಲ್ಲ. ತಿಂದ ಪ್ರೋಟೀನ್ ಕರುಳಿನಲ್ಲೇ ಚೂರು ಚೂರಾಗಿ ಅಮೈನೋ ಆಮ್ಲಗಳಾಗುತ್ತದೆ. ಅದು ಹಾಗೇ ಹೋಗಿ ಶ್ವಾಸಕೋಶದಲ್ಲಿ ಕೂರುವುದಿಲ್ಲ. ಈ ಭಯದಿಂದ ಊಟ ಕಡಿಮೆ ಮಾಡಿದವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಹಳ ದಿನದಿಂದ ಉಸಿರಾಟದ ತೊಂದರೆ ಇರುವವರಲ್ಲಿ ತೂಕ ಇಳಿಯುವುದು, ಸ್ನಾಯು ಕರಗುವುದು ದೊಡ್ಡ ಸಮಸ್ಯೆ. ಪ್ರೋಟೀನ್ ಬಿಟ್ಟರೆ ಅದು ಇನ್ನಷ್ಟು ಹದಗೆಡುತ್ತದೆ.

ಸಿಟಿ ಸ್ಕ್ಯಾನ್‌ನಲ್ಲಿ 'ಗಂಟು' ಅಂದಿದ್ದಾರೆ. ಅದೂ ಇದೂ ಒಂದೇನಾ?

ಬೇರೆ ಬೇರೆ. ಸ್ಕ್ಯಾನ್‌ನಲ್ಲಿ ಕಾಣುವ ಗಂಟು ಮಿಲಿಮೀಟರ್ ಲೆಕ್ಕದ್ದು, ಅದರಲ್ಲಿ ಲಕ್ಷಗಟ್ಟಲೆ ಕೋಶಗಳಿರಬಹುದು. ನಾವು ಮಾತಾಡುತ್ತಿರುವ ಪ್ರೋಟೀನ್ ಮುದ್ದೆ ಒಂದೇ ಒಂದು ಕೋಶದ ಹೊಟ್ಟೆಯೊಳಗೆ ಕೂತಿರುವಂಥದ್ದು. ಯಾವ ಸ್ಕ್ಯಾನ್‌ಗೂ ಅದು ಕಾಣುವುದಿಲ್ಲ.

ಹಾಗಾದರೆ ಇದು ಕಫವೇ?

ಅದೂ ಅಲ್ಲ. ಕಫ ಇರುವುದು ಗಾಳಿ ಓಡಾಡುವ ಕೊಳವೆಗಳಲ್ಲಿ, ಕೋಶಗಳ ಹೊರಗೆ. ಕೆಮ್ಮಿದರೆ ಬರುತ್ತದೆ. ಕೋಶದೊಳಗಿನ ಮುದ್ದೆಯನ್ನು ಕೆಮ್ಮಿ ತೆಗೆಯಲು ಬರುವುದಿಲ್ಲ, ಆವಿ ತೆಗೆದುಕೊಂಡರೂ ಕರಗುವುದಿಲ್ಲ.

ಪ್ರೋಟೀನ್ 'ಕೆಡುವುದು' ಅಂದರೆ ನಿಜಕ್ಕೂ ಏನಾಗುತ್ತದೆ?

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಬರೀ ಸರವಾಗಿದ್ದಾಗ ಅದರಿಂದ ಏನೂ ಕೆಲಸವಾಗುವುದಿಲ್ಲ. ಸರಿಯಾದ ಜಾಗದಲ್ಲಿ ಮಡಚಿಕೊಂಡು, ಸುತ್ತಿಕೊಂಡು, ತನ್ನ ಆಕಾರಕ್ಕೆ ಬಂದ ಮೇಲೆಯೇ ಅದು ಉಪಯೋಗಕ್ಕೆ ಬರುವುದು. ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನ್‌ಗಳು ಮಡಚಿಕೊಳ್ಳುವ ಜಾಗಕ್ಕೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುತ್ತಾರೆ. ಹೆಸರು ಉದ್ದ, ಇಲ್ಲಿ ಇಆರ್ ಅನ್ನೋಣ. ಅಲ್ಲಿ ಶಾಪೆರೋನ್ ಅನ್ನುವ ಸಹಾಯಕ ಪ್ರೋಟೀನ್‌ಗಳು ಕಾದು ನಿಂತಿರುತ್ತವೆ. ಹೊಸ ಸರ ಬಂದಾಗ ಅದನ್ನು ಹಿಡಿದು ಮಡಚಿಕೊಳ್ಳಲು ನೆರವಾಗುತ್ತವೆ.

ಸರಿಯಾಗಿ ಮಡಚಿಕೊಂಡ ಪ್ರೋಟೀನ್ ತನ್ನ ಅಂಟು ಭಾಗಗಳನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಮಡಿಕೆ ತಪ್ಪಿದರೆ ಆ ಅಂಟು ಹೊರಗೆ ಬರುತ್ತದೆ, ಪಕ್ಕದಲ್ಲಿ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಸಿಕ್ಕಾದ ದಾರ ಪಕ್ಕದಲ್ಲಿದ್ದ ಒಳ್ಳೆಯ ದಾರವನ್ನೂ ಎಳೆದುಕೊಳ್ಳುತ್ತದಲ್ಲ, ಹಾಗೆಯೇ.

ಇದನ್ನು ತಡೆಯಲು ಕೋಶದ ಬಳಿ ಎರಡು ಉಪಾಯಗಳಿವೆ. ಮೊದಲನೆಯದು, ಕೆಟ್ಟ ಪ್ರೋಟೀನ್‌ಗೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಚೀಟಿ ಅಂಟಿಸಿ ಪ್ರೋಟಿಯಾಸೋಮ್‌ಗೆ ಕಳಿಸುವುದು. ಪ್ರೋಟಿಯಾಸೋಮ್ ಪೀಪಾಯಿಯ ಆಕಾರದ್ದು. ಒಳಗೆ ಹೋದ ಪ್ರೋಟೀನ್ ತುಂಡು ತುಂಡಾಗುತ್ತದೆ. ಈ ಚೀಟಿಯ ವಿಷಯವನ್ನು ಬಿಡಿಸಿ ತೋರಿಸಿದ ಆರನ್ ಸಿಕನೋವರ್, ಅವ್ರಾಮ್ ಹೆರ್ಷ್ಕೊ, ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಪೀಪಾಯಿಯ ಬಾಯಿ ಕಿರಿದು. ಒಂಟಿ ಸರ ನುಗ್ಗಬಹುದು, ಮುದ್ದೆ ನುಗ್ಗುವುದಿಲ್ಲ. ಮುದ್ದೆಗೆ ಎರಡನೆಯ ಉಪಾಯ ಬೇಕು. ಅದರ ಸುತ್ತ ಒಂದು ಪೊರೆ ಕಟ್ಟಿ, ಲೈಸೋಸೋಮ್ ಅನ್ನುವ ಆಮ್ಲ ತುಂಬಿದ ಚೀಲಕ್ಕೆ ಒಯ್ದು ಕರಗಿಸುವುದು. ಇದೇ ಆಟೋಫೇಜಿ. ಇದನ್ನು ನಡೆಸುವ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಸಿಕ್ಕಿತು.

ಈ ಎರಡೂ ಉಪಾಯ ಸಾಲದಾದಾಗ ಮುದ್ದೆ ಉಳಿದುಬಿಡುತ್ತದೆ.

ಉರಿಯೂತಕ್ಕೂ ಇದಕ್ಕೂ ಏನು ಸಂಬಂಧ?

ಹತ್ತಿರದ ಸಂಬಂಧ. ಅದೂ ಎರಡು ಕಡೆಯಿಂದ.

ಉರಿಯೂತ ಶುರುವಾದರೆ ಬಿಳಿ ರಕ್ತಕಣಗಳು ಶ್ವಾಸಕೋಶಕ್ಕೆ ನುಗ್ಗುತ್ತವೆ. ರೋಗಾಣುಗಳನ್ನು ಕೊಲ್ಲಲು ಅವು ತೀಕ್ಷ್ಣವಾದ ಆಮ್ಲಜನಕದ ಕಣಗಳನ್ನು ಬಿಡುತ್ತವೆ. ಈ ಕಣಗಳಿಗೆ ಶತ್ರು ಯಾರು, ಮನೆಯವರು ಯಾರು ಅನ್ನುವುದು ತಿಳಿಯದು. ಪಕ್ಕದ ಒಳ್ಳೆಯ ಕೋಶದ ಪ್ರೋಟೀನ್‌ಗಳನ್ನೂ ಸುಟ್ಟು ಆಕಾರ ಕೆಡಿಸುತ್ತವೆ. ಅದೇ ಹೊತ್ತಿಗೆ ಉರಿಯೂತದ ಸಂದೇಶಗಳು ಬಂದು 'ಇನ್ನೂ ಲೋಳೆ ಮಾಡು, ಇನ್ನೂ ರಕ್ಷಣೆಯ ಪ್ರೋಟೀನ್ ಮಾಡು' ಅಂತ ಕೋಶವನ್ನು ಒತ್ತಾಯಿಸುತ್ತವೆ. ಇಆರ್‌ನಲ್ಲಿ ಜಾಗ ಸಾಲದಾಗುತ್ತದೆ. ಅವಸರದಲ್ಲಿ ಮಡಿಕೆ ತಪ್ಪುತ್ತದೆ.

ಈಗ ಇನ್ನೊಂದು ಕಡೆ. ಇಆರ್ ತುಂಬಿಹೋಗಿದೆ ಅಂತ ಗೊತ್ತುಮಾಡಲು ಕೋಶದಲ್ಲಿ ಮೂರು ಕಾವಲುಗಾರರಿದ್ದಾರೆ. ಐಆರ್‌ಇ1, ಪರ್ಕ್, ಎಟಿಎಫ್6 ಅನ್ನುವುದು ಅವರ ಹೆಸರು. ಇವರು ಎಚ್ಚರವಾದರೆ ಹೊಸ ಪ್ರೋಟೀನ್ ತಯಾರಿಕೆ ನಿಧಾನವಾಗುತ್ತದೆ, ಶಾಪೆರೋನ್‌ಗಳ ಸಂಖ್ಯೆ ಹೆಚ್ಚುತ್ತದೆ. ಸ್ವಲ್ಪ ದಿನದ ಮಟ್ಟಿಗೆ ಇದು ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೊರೆ ಇಳಿಯದೇ ಇದ್ದರೆ ಇದೇ ಎಚ್ಚರಿಕೆ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೊನೆಗೆ ಕೋಶಕ್ಕೆ ಸಾಯುವ ಆದೇಶವನ್ನೂ ಕೊಡುತ್ತದೆ. ಸತ್ತ ಕೋಶದ ಜಾಗಕ್ಕೆ ಮತ್ತಷ್ಟು ಬಿಳಿ ರಕ್ತಕಣಗಳು ಬರುತ್ತವೆ.

ಹೀಗೆ ಉರಿಯೂತ ಮುದ್ದೆಯನ್ನು ಬೆಳೆಸುತ್ತದೆ, ಮುದ್ದೆ ಉರಿಯೂತವನ್ನು ಬೆಳೆಸುತ್ತದೆ. ಯಾವುದು ಮೊದಲು ಅಂತ ಕೇಳಿದರೆ ಉತ್ತರ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಹೊಗೆಯಿಂದ ಬಂದ ಕಾಯಿಲೆಯಲ್ಲಿ ಹೊರಗಿನ ಏಟು ಮೊದಲು. ಜೀನ್ ದೋಷದಲ್ಲಿ ಕೆಟ್ಟ ಪ್ರೋಟೀನೇ ಮೊದಲು.

ಮುದ್ದೆ ಕಟ್ಟಿದರೆ ಕೋಶ ಸತ್ತಂತೆಯೇ?

ಹಾಗೇನಿಲ್ಲ. ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ಪ್ರತಿ ಸಲವೂ ಆ ಪುಟ್ಟ ಕೋಶದ ಬಗ್ಗೆ ಗೌರವ ಹುಟ್ಟುತ್ತದೆ. ಕೆಟ್ಟ ಪ್ರೋಟೀನ್ ಎಲ್ಲೆಂದರಲ್ಲಿ ಚೆಲ್ಲಾಡಿದರೆ ಅಪಾಯ ಜಾಸ್ತಿ. ಹಾಗಾಗಿ ಕೋಶ ಅದನ್ನು ತನ್ನೊಳಗಿನ ಹಳಿಗಳ ಮೇಲೆ ಎಳೆದು ತಂದು ನ್ಯೂಕ್ಲಿಯಸ್‌ನ ಪಕ್ಕ ಒಂದೇ ಕಡೆ ಗುಡ್ಡೆ ಹಾಕುತ್ತದೆ. ಸುತ್ತಲೂ ವಿಮೆಂಟಿನ್ ಅನ್ನುವ ನಾರಿನ ಬೇಲಿ ಕಟ್ಟುತ್ತದೆ. ಈ ಗುಡ್ಡೆಗೆ ಅಗ್ರಿಸೋಮ್ ಅನ್ನುವ ಹೆಸರು ಬಂದದ್ದು 1998ರಲ್ಲಿ. ಜಾನ್‌ಸ್ಟನ್, ವಾರ್ಡ್, ಕೊಪಿಟೊ ಎಂಬ ಮೂವರು ವಿಜ್ಞಾನಿಗಳು ಇಟ್ಟದ್ದು. ಅವರು ಆಗ ನೋಡುತ್ತಿದ್ದದ್ದು ಸಿಎಫ್‌ಟಿಆರ್ ಪ್ರೋಟೀನನ್ನು. ಇದು ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ಹುಟ್ಟಿನಿಂದಲೇ ಇರುವ ಕಾಯಿಲೆ ಬರುತ್ತದೆ. ಅಂದರೆ ಈ ಹೆಸರು ಹುಟ್ಟಿದ್ದೇ ಶ್ವಾಸಕೋಶಕ್ಕೆ ಸಂಬಂಧಪಟ್ಟ ಒಂದು ಪ್ರೋಟೀನ್‌ನಿಂದ.

ಹೊರೆ ಇಳಿದರೆ ಆಟೋಫೇಜಿ ಈ ಗುಡ್ಡೆಯನ್ನು ಕ್ರಮೇಣ ಕರಗಿಸಬಲ್ಲದು. ಹೊರೆ ಇಳಿಯದೇ ಹೋದರೆ ಗುಡ್ಡೆ ಬೆಳೆಯುತ್ತದೆ. ಒಳ್ಳೆಯ ಪ್ರೋಟೀನ್‌ಗಳೂ, ಶಾಪೆರೋನ್‌ಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಆಗ ಕೋಶಕ್ಕೆ ಉಳಿಗಾಲ ಕಷ್ಟ.

ಶ್ವಾಸಕೋಶದ ಯಾವ ಕೋಶಗಳಲ್ಲಿ ಇದು ಹೆಚ್ಚು?

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವುಗಳ ಗೋಡೆಯ ನೂರಕ್ಕೆ ಸುಮಾರು 95 ಪಾಲನ್ನು ಹಾಸಿಕೊಂಡಿರುವುದು ತೆಳುವಾದ ಒಂದನೇ ಬಗೆಯ ಕೋಶಗಳು. ಉಳಿದ 5 ಪಾಲಿನಷ್ಟು ಜಾಗದಲ್ಲಿ ಎರಡನೇ ಬಗೆಯ ಕೋಶಗಳು ಗುಂಡಗೆ ಕೂತಿರುತ್ತವೆ. ಜಾಗ ಕಡಿಮೆ, ಕೆಲಸ ವಿಪರೀತ. ಗಾಳಿಗೂಡು ಮುದುಡಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಅನ್ನುವ ಜಾರು ಪದಾರ್ಥವನ್ನು ತಯಾರಿಸುವವು ಇವೇ. ಗೋಡೆಗೆ ಗಾಯವಾದರೆ ತಾವೇ ಒಡೆದು ಎರಡಾಗಿ ಹೊಸ ಕೋಶ ಕೊಡುವವೂ ಇವೇ. ಇಷ್ಟು ಪ್ರೋಟೀನ್ ತಯಾರಿಸುವ ಕೋಶದಲ್ಲಿ ಮಡಿಕೆಯ ತಪ್ಪು ಜಾಸ್ತಿ ಆಗುವುದು ಸಹಜ ಅಲ್ವಾ?

ಗಾಳಿಗೂಡನ್ನು ಗುಡಿಸುವ ಮ್ಯಾಕ್ರೋಫೇಜ್ ಅನ್ನುವ ಕೋಶಗಳಲ್ಲೂ ಶೇಖರಣೆ ಕಾಣುತ್ತದೆ. ಉಸಿರುಕೊಳವೆಯ ಒಳಪದರದ ಕೋಶಗಳಲ್ಲೂ ಕಾಣಬಹುದು.

ವರದಿಯಲ್ಲಿ 'ಮ್ಯಾಲರಿ ಹಯಲಿನ್' ಅಂತಿದೆ. ಅದು ಕುಡಿತದಿಂದ ಬರುವ ಲಿವರ್ ಕಾಯಿಲೆ ಅಲ್ವಾ?

ಹೆಸರು ಲಿವರ್‌ನಿಂದಲೇ ಬಂದದ್ದು ನಿಜ. ಫ್ರಾಂಕ್ ಮ್ಯಾಲರಿ 1911ರಲ್ಲಿ ಕುಡಿತದಿಂದ ಹಾಳಾದ ಲಿವರ್ ಕೋಶಗಳಲ್ಲಿ ಇದನ್ನು ವಿವರಿಸಿದರು. ಹಯಲಿನ್ ಅಂದರೆ ಗಾಜಿನಂತೆ ಕಾಣುವುದು ಅಂತ ಅರ್ಥ. ಇಯೋಸಿನ್ ಬಣ್ಣ ಹಾಕಿದಾಗ ಹೊಳೆಯುವ ಗುಲಾಬಿ ಬಣ್ಣದ, ಹುರಿ ಬಿಚ್ಚಿದ ಹಗ್ಗದ ಚೂರಿನಂಥ ಮುದ್ದೆ ಕಾಣುತ್ತದೆ. ಅದರಲ್ಲಿ ಕೆರಟಿನ್ ನಾರು, ಯುಬಿಕ್ವಿಟಿನ್ ಚೀಟಿ, ಪಿ62 ಅನ್ನುವ ಪ್ರೋಟೀನ್ ಇರುತ್ತವೆ.

ಇಂಥದ್ದೇ ಮುದ್ದೆ ಶ್ವಾಸಕೋಶದ ಎರಡನೇ ಬಗೆಯ ಕೋಶಗಳಲ್ಲೂ ಕಾಣುತ್ತದೆ. ಕಲ್ನಾರಿನ ಧೂಳು ಉಸಿರಿನಲ್ಲಿ ಒಳಗೆ ಹೋಗಿ ಬರುವ ಆಸ್ಬೆಸ್ಟೋಸಿಸ್‌ನಲ್ಲಿ ಇದನ್ನು 1970ರ ದಶಕದಲ್ಲೇ ಗುರುತಿಸಿದ್ದರು. ಒಂದಷ್ಟು ಕಾಲ ಇದು ಕಲ್ನಾರಿನ ಗುರುತು ಅಂತಲೇ ಅಂದುಕೊಂಡಿದ್ದರು. ಆಮೇಲೆ ಶ್ವಾಸಕೋಶ ಗಟ್ಟಿಯಾಗುವ ಬೇರೆ ಕಾಯಿಲೆಗಳಲ್ಲೂ, ತೀವ್ರ ಏಟಿನಿಂದ ಚೇತರಿಸಿಕೊಳ್ಳುತ್ತಿರುವ ಶ್ವಾಸಕೋಶದಲ್ಲೂ ಕಂಡಿತು. ಹಾಗಾಗಿ ಈ ಮಾತನ್ನು ಓದಿ ರೋಗಿ ಗುಟ್ಟಾಗಿ ಕುಡಿಯುತ್ತಾರೆ ಅಂತ ಯಾರೂ ಅನುಮಾನಿಸಬಾರದು. ಆ ಅನುಮಾನದಿಂದ ಮನೆಯೊಳಗೆ ಮಾತು ಮುರಿದುಬಿದ್ದದ್ದನ್ನು ಕಂಡಿದ್ದೇನೆ, ಬಹಳ ನೋವಾಯಿತು. ಕೆಲಸದ ಜಾಗದಲ್ಲಿ ಯಾವ ಧೂಳಿತ್ತು ಅನ್ನುವುದನ್ನು ಮಾತ್ರ ವೈದ್ಯರಿಗೆ ತಪ್ಪದೆ ಹೇಳಿ. 20–30 ವರ್ಷ ಹಿಂದಿನ ಕೆಲಸವಾದರೂ ಸರಿ. ಕಲ್ನಾರಿನ ಕಾಯಿಲೆ ಅಷ್ಟು ತಡವಾಗಿಯೇ ಕಾಣಿಸಿಕೊಳ್ಳುವುದು.

ಇದು ಹುಟ್ಟಿನಿಂದ ಬರಬಹುದೇ? ಮಕ್ಕಳಿಗೂ ಬರುತ್ತದೆಯೇ?

ಕೆಲವು ಬಗೆಯದು ಬರುತ್ತದೆ. ಮೂರು ಉದಾಹರಣೆ ಕೊಡುತ್ತೇನೆ. ಮೂರರಲ್ಲೂ ಮಡಿಕೆಯೇ ತಪ್ಪಿರುವುದು, ಆದರೆ ಪರಿಣಾಮ ಒಂದೊಂದರಲ್ಲಿ ಒಂದೊಂದು ತರಹ.

ಸರ್ಫ್ಯಾಕ್ಟೆಂಟ್ ಪ್ರೋಟೀನ್ ಸಿ ಎರಡನೇ ಬಗೆಯ ಕೋಶದಲ್ಲಿ ಮಾತ್ರ ತಯಾರಾಗುತ್ತದೆ. ಮೊದಲು 197 ಅಮೈನೋ ಆಮ್ಲಗಳ ಉದ್ದದ ಸರವಾಗಿ ಹುಟ್ಟಿ, ಕತ್ತರಿಸಿಕೊಳ್ಳುತ್ತಾ ಬಂದು ಕೊನೆಗೆ 35ಕ್ಕೆ ಇಳಿಯುತ್ತದೆ. ಇದು ನೀರಿಗೆ ಸೇರದ, ಸುಲಭವಾಗಿ ಅಂಟಿಕೊಳ್ಳುವ ಪ್ರೋಟೀನ್. ಇದರ ಜೀನ್‌ನಲ್ಲಿ ದೋಷವಿದ್ದರೆ ಸರ ಇಆರ್‌ನಲ್ಲೇ ಸಿಕ್ಕಾಗಬಹುದು, ಇಲ್ಲವೇ ದಾರಿ ತಪ್ಪಿ ಬೇರೆಲ್ಲೋ ಸೇರಬಹುದು. 2001ರಲ್ಲಿ ಒಬ್ಬ ತಾಯಿ ಮತ್ತು ಆಕೆಯ ಮಗುವಿನಲ್ಲಿ ಈ ದೋಷವನ್ನು ಮೊದಲ ಬಾರಿಗೆ ತೋರಿಸಿದರು. ಒಂದೇ ಮನೆಯಲ್ಲಿ ಒಂದೇ ದೋಷ ಇದ್ದರೂ ಒಬ್ಬರಿಗೆ ಹಸುಗೂಸಾಗಿದ್ದಾಗಲೇ ಕಾಯಿಲೆ ಬರಬಹುದು, ಇನ್ನೊಬ್ಬರಿಗೆ ನಡುವಯಸ್ಸಿನವರೆಗೂ ಏನೂ ಆಗದಿರಬಹುದು.

ಎರಡನೆಯದು ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಇದನ್ನು ಗುರುತಿಸಿದರು. ಈ ಪ್ರೋಟೀನ್ ಹೆಚ್ಚಾಗಿ ತಯಾರಾಗುವುದು ಲಿವರ್‌ನಲ್ಲಿ. ಅದರ ಕೆಲಸ ಇರುವುದು ಶ್ವಾಸಕೋಶದಲ್ಲಿ. ಉರಿಯೂತದ ವೇಳೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕತ್ತರಿಯನ್ನು ಬಿಡುತ್ತವೆ. ಆ ಕತ್ತರಿ ಶ್ವಾಸಕೋಶವನ್ನೇ ಕತ್ತರಿಸದಂತೆ ತಡೆಯುವುದು ಆಂಟಿಟ್ರಿಪ್ಸಿನ್. ಝಡ್ ಅನ್ನುವ ದೋಷದಲ್ಲಿ ಒಂದೇ ಒಂದು ಅಮೈನೋ ಆಮ್ಲ, 342ನೆಯದು, ಬದಲಾಗಿರುತ್ತದೆ. ಅಷ್ಟಕ್ಕೇ ಪ್ರೋಟೀನ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ಲಿವರ್‌ನಲ್ಲೇ ಉಳಿದುಬಿಡುತ್ತವೆ. ಮುದ್ದೆ ಲಿವರ್‌ನಲ್ಲಿ, ಹಾನಿ ಎರಡೂ ಕಡೆ. ಸಿಒಪಿಡಿ (ಉಸಿರುಕೊಳವೆ ಕಿರಿದಾಗಿ ಉಸಿರಾಟ ಕಷ್ಟವಾಗುವ ಬಹುಕಾಲದ ಕಾಯಿಲೆ) ಇರುವ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಈ ರಕ್ತಪರೀಕ್ಷೆ ಮಾಡಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನನಗಂತೂ ಇದು ತುಂಬಾ ಬೆಲೆಯುಳ್ಳ ಸಲಹೆ ಅನ್ನಿಸುತ್ತದೆ. ಒಂದು ರಕ್ತಪರೀಕ್ಷೆಯಿಂದ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಮಕ್ಕಳು ಎಲ್ಲರೂ ಸಿಗರೇಟಿನಿಂದ ದೂರ ಉಳಿಯಲು ಕಾರಣ ಸಿಗುತ್ತದೆ.

ಮೂರನೆಯದು ಸಿಸ್ಟಿಕ್ ಫೈಬ್ರೋಸಿಸ್. ಸಿಎಫ್‌ಟಿಆರ್ 1480 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನ್. ಅತಿ ಸಾಮಾನ್ಯ ದೋಷದಲ್ಲಿ 508ನೆಯದು ಬಿಟ್ಟುಹೋಗಿರುತ್ತದೆ. ಕೋಶ ಅದನ್ನು ಕೆಟ್ಟದ್ದೆಂದು ಗುರುತಿಸಿ ಬಹುತೇಕ ಎಲ್ಲವನ್ನೂ ಒಡೆದುಹಾಕುತ್ತದೆ. ಇಲ್ಲಿ ಮುದ್ದೆಗಿಂತ ದೊಡ್ಡ ತೊಂದರೆ ಅಂದರೆ ಪ್ರೋಟೀನ್ ಕೋಶದ ಮೇಲ್ಮೈಗೆ ತಲುಪದೇ ಇರುವುದು. ಅದು ಇಲ್ಲದೆ ಲೋಳೆ ಗಟ್ಟಿಯಾಗಿ, ಸೋಂಕು ಮತ್ತೆ ಮತ್ತೆ ಬರುತ್ತದೆ.

ಸಿಗರೇಟು ಸೇದುವವರಲ್ಲಿ ಏನಾಗುತ್ತದೆ?

ಸಿಗರೇಟಿನ ಹೊಗೆ ಎರಡು ಕಡೆಯಿಂದ ಹೊಡೆಯುತ್ತದೆ. ಅದರಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅಕ್ರೋಲೀನ್‌ನಂಥವು ನೇರವಾಗಿ ಪ್ರೋಟೀನ್‌ಗಳಿಗೆ ಅಂಟಿಕೊಂಡು ಆಕಾರ ಕೆಡಿಸುತ್ತವೆ. ಅದರ ಜೊತೆಗೆ ಪ್ರೋಟಿಯಾಸೋಮ್ ಕೆಲಸ ಕುಂದುತ್ತದೆ, ಆಟೋಫೇಜಿ ಅರ್ಧಕ್ಕೆ ನಿಲ್ಲುತ್ತದೆ. ಕಸ ಜಾಸ್ತಿಯಾಗುವ ಹೊತ್ತಿಗೇ ಗುಡಿಸುವವರ ಕೈಯೂ ಕಟ್ಟಿದಂತೆ. ಸಿಒಪಿಡಿ ರೋಗಿಗಳ ಶ್ವಾಸಕೋಶದಲ್ಲಿ ಯುಬಿಕ್ವಿಟಿನ್ ಮತ್ತು ಪಿ62 ತುಂಬಿದ ಮುದ್ದೆಗಳು ಕಂಡಿವೆ. ಗಾಳಿಗೂಡುಗಳ ಗೋಡೆ ಒಡೆದು ಎಂಫಿಸೀಮಾ ತೀವ್ರವಾದಂತೆ ಅವೂ ಹೆಚ್ಚಿರುವುದು ಕಂಡಿದೆ. ಸೇದುವವರ ಮ್ಯಾಕ್ರೋಫೇಜ್‌ಗಳಲ್ಲೂ ಇದೇ ಪಾಡು. ಕರಗಿಸಬೇಕಾದದ್ದು ಕರಗದೆ ಒಳಗೇ ಉಳಿದಿರುತ್ತದೆ.

ಬಿಟ್ಟರೆ ಪ್ರಯೋಜನವಿದೆಯೇ ಅಂತ ಕೇಳುತ್ತಾರೆ. ಖಂಡಿತ ಇದೆ. ಒಡೆದ ಗೋಡೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಆದರೆ ಶ್ವಾಸಕೋಶದ ಶಕ್ತಿ ಇಳಿಯುವ ವೇಗ ಕಡಿಮೆಯಾಗುತ್ತದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ.

ಆಸ್ತಮಾದಲ್ಲೂ ಪ್ರೋಟೀನ್ ಶೇಖರಣೆ ಇದೆಯೇ?

ಅಲ್ಲಿ ಕಾಣುವುದು ಹರಳು. ಆಸ್ತಮಾ ಇರುವ ಕೆಲವರ ಕಫವನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಎರಡೂ ತುದಿ ಚೂಪಾದ, ಬಣ್ಣವಿಲ್ಲದ ಹರಳುಗಳು ಕಾಣುತ್ತವೆ. ನೋಡಲು ಬಲು ಚೆಂದ. ಇವನ್ನು 19ನೇ ಶತಮಾನದಲ್ಲೇ ಶಾರ್ಕೋ ಮತ್ತು ಲೈಡನ್ ವಿವರಿಸಿದ್ದರು. ಹಾಗಾಗಿ ಶಾರ್ಕೋ-ಲೈಡನ್ ಹರಳು ಅನ್ನುತ್ತೇವೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದೊಳಗಿನ ಗ್ಯಾಲೆಕ್ಟಿನ್-10 ಅನ್ನುವ ಪ್ರೋಟೀನ್, ಆ ಕಣ ಒಡೆದಾಗ ಹೊರಬಂದು ಹರಳುಗಟ್ಟುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಬರೀ ಗುರುತು ಅಂದುಕೊಂಡಿದ್ದರು. 2019ರಲ್ಲಿ ಬಂದ ಸಂಶೋಧನೆ ಹರಳೇ ಉರಿಯೂತವನ್ನು ಕೆರಳಿಸುತ್ತದೆ ಅಂತ ತೋರಿಸಿತು. ಹರಳನ್ನು ಕರಗಿಸುವ ಪ್ರತಿಕಾಯ ಕೊಟ್ಟಾಗ ಇಲಿಗಳಲ್ಲಿ ಉರಿಯೂತ ತಗ್ಗಿತು.

ಪಲ್ಮನರಿ ಆಲ್ವಿಯೋಲಾರ್ ಪ್ರೋಟಿನೋಸಿಸ್ ಅಂದರೆ ಇದೇನಾ?

ಹೆಸರಿನಲ್ಲಿ ಪ್ರೋಟೀನ್ ಇರುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇದು 1958ರಲ್ಲಿ ವಿವರಿಸಿದ, ಅಪರೂಪದ, ಬೇರೆಯೇ ಕಾಯಿಲೆ. ಇಲ್ಲಿ ಹಳೆಯ ಸರ್ಫ್ಯಾಕ್ಟೆಂಟ್ ಕೊಬ್ಬು ಪ್ರೋಟೀನ್ ಸಮೇತ ಗಾಳಿಗೂಡುಗಳಲ್ಲಿ ತುಂಬಿಕೊಳ್ಳುತ್ತದೆ. ಬಹುಪಾಲು ರೋಗಿಗಳಲ್ಲಿ ಕಾರಣ ಒಂದೇ. ಮ್ಯಾಕ್ರೋಫೇಜ್‌ಗಳಿಗೆ ಗುಡಿಸುವ ಶಕ್ತಿ ಕೊಡುವ ಜಿಎಂ-ಸಿಎಸ್‌ಎಫ್ ಎಂಬ ಸಂದೇಶಕ್ಕೆ ದೇಹ ತಾನೇ ಪ್ರತಿಕಾಯ ಮಾಡಿಕೊಂಡಿರುತ್ತದೆ. ಇದು ಗೊತ್ತಾದದ್ದು 1999ರಲ್ಲಿ. ಈಗ ರಕ್ತಪರೀಕ್ಷೆಯಲ್ಲೇ ಇದನ್ನು ಹಿಡಿಯಬಹುದು.

ಕೋಶದೊಳಗಿನ ಮುದ್ದೆಗಿಲ್ಲದ ಒಂದು ಅನುಕೂಲ ಇದಕ್ಕಿದೆ. ಶ್ವಾಸಕೋಶವನ್ನು ತೊಳೆಯಬಹುದು! ಅರಿವಳಿಕೆ ಕೊಟ್ಟು, ಒಂದು ಶ್ವಾಸಕೋಶದಿಂದ ಉಸಿರಾಡಿಸುತ್ತಾ, ಇನ್ನೊಂದಕ್ಕೆ ಬೆಚ್ಚಗಿನ ಉಪ್ಪುನೀರನ್ನು ಮತ್ತೆ ಮತ್ತೆ ತುಂಬಿ ತೆಗೆಯುತ್ತಾರೆ. ಮೊದಲ ಬಾಟಲಿಗಳಲ್ಲಿ ಹಾಲಿನಂತೆ ಬೆಳ್ಳಗಿನ ನೀರು ಬರುತ್ತದೆ. ಬರಬರುತ್ತಾ ತಿಳಿಯಾಗುತ್ತದೆ. ಸಾಲಾಗಿ ಇಟ್ಟ ಆ ಬಾಟಲಿಗಳನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಅಮಿಲಾಯ್ಡ್ ಅಂದರೆ?

ಅದೂ ತಪ್ಪಾಗಿ ಮಡಚಿಕೊಂಡ ಪ್ರೋಟೀನೇ, ಆದರೆ ಕೂರುವುದು ಕೋಶಗಳ ಹೊರಗೆ. ಕಾಂಗೋ ರೆಡ್ ಬಣ್ಣ ಹಾಕಿ ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಶ್ವಾಸಕೋಶದಲ್ಲಿ ಸೋಂಕು, ಉರಿಯೂತ ಬಹಳ ವರ್ಷ ಉಳಿದರೆ, ಲಿವರ್ ತಯಾರಿಸುವ ಸೀರಮ್ ಅಮಿಲಾಯ್ಡ್ ಎ ಎಂಬ ಪ್ರೋಟೀನ್ ಮೂತ್ರಪಿಂಡದಲ್ಲಿ ಹೋಗಿ ಕೂರಬಹುದು. ಹಳೆಯ ಶ್ವಾಸಕೋಶದ ಸೋಂಕಿರುವವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ವೈದ್ಯರು ಇದನ್ನೂ ಯೋಚಿಸುತ್ತಾರೆ.

ಮುದ್ದೆಯನ್ನು ಪತ್ತೆ ಮಾಡುವುದು ಹೇಗೆ?

ಕೋಶದೊಳಗಿನ ಮುದ್ದೆ ನೋಡಬೇಕಾದರೆ ಶ್ವಾಸಕೋಶದ ಚೂರೇ ಬೇಕು. ಚೂರನ್ನು ಮೇಣದಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇವೆ. ಮಾಮೂಲಿ ಬಣ್ಣದಲ್ಲಿ ಮುದ್ದೆ ಗುಲಾಬಿಯಾಗಿ ಕಂಡರೆ, ಯುಬಿಕ್ವಿಟಿನ್ ಅಥವಾ ಪಿ62ಗೆ ಅಂಟುವ ಪ್ರತಿಕಾಯ ಹಾಕಿ ಖಚಿತ ಮಾಡಿಕೊಳ್ಳುತ್ತಾರೆ. ಆಗ ಮುದ್ದೆ ಇದ್ದಲ್ಲೆಲ್ಲ ಕಂದು ಬಣ್ಣ ಮೂಡುತ್ತದೆ.

ಹಾಗಂತ ಈ ಮುದ್ದೆ ನೋಡಲೆಂದೇ ಸುಮ್ನೆ ಬಯಾಪ್ಸಿ ಮಾಡಿಸುವ ಅಗತ್ಯ ಯಾರಿಗೂ ಇಲ್ಲ. ಬಯಾಪ್ಸಿಯಲ್ಲಿ ಶ್ವಾಸಕೋಶದ ಸುತ್ತ ಗಾಳಿ ಸೋರುವ, ರಕ್ತಸ್ರಾವವಾಗುವ ಅಪಾಯವಿದೆ. ಎಷ್ಟೋ ಜನರಿಗೆ ಸಿಟಿ ಸ್ಕ್ಯಾನ್, ಉಸಿರಾಟದ ಪರೀಕ್ಷೆ, ರಕ್ತಪರೀಕ್ಷೆ ಇಷ್ಟರಲ್ಲೇ ಕಾಯಿಲೆ ತಿಳಿಯುತ್ತದೆ.

ಉರಿಯೂತ ಅಂದಮೇಲೆ ಸ್ಟೀರಾಯ್ಡ್ ಕೊಟ್ಟರೆ ಆಯ್ತಲ್ವಾ?

ಕೆಲವು ಕಾಯಿಲೆಗೆ ಹೌದು, ಕೆಲವಕ್ಕೆ ಅದೇ ಅಪಾಯ. ಐಪಿಎಫ್ ಅನ್ನುವ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯಲ್ಲಿ ಎರಡನೇ ಬಗೆಯ ಕೋಶಗಳ ಇಆರ್ ಮೇಲೆ ಹೊರೆ ಬಿದ್ದಿರುವುದು ಸ್ಪಷ್ಟವಾಗಿ ಕಂಡಿದೆ. ಅದಕ್ಕೆ ಬಹಳ ವರ್ಷ ಸ್ಟೀರಾಯ್ಡ್, ಅಜಥಯೋಪ್ರಿನ್, ಎನ್-ಅಸಿಟೈಲ್ ಸಿಸ್ಟೀನ್ ಮೂರನ್ನೂ ಸೇರಿಸಿ ಕೊಡುತ್ತಿದ್ದರು. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಮೂರನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚು ಕಂಡಿತು. ಪರೀಕ್ಷೆಯ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಬೇರೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ನೀವು ನುಂಗಬೇಡಿ ಅಂತ ನಾನು ಬೇಡಿಕೊಳ್ಳುವುದು ಇದಕ್ಕೇ. ಹಾಗೆಯೇ ಈಗಾಗಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ತಟ್ಟನೆ ನಿಲ್ಲಿಸಲೂಬೇಡಿ. ಅದೂ ಅಪಾಯ.

ಮುದ್ದೆ ಕರಗಿಸುವ ಔಷಧಿ ಇದೆಯೇ?

ಶ್ವಾಸಕೋಶದ ಎಲ್ಲ ಬಗೆಯ ಮುದ್ದೆಯನ್ನೂ ಕರಗಿಸುವ ಒಂದೇ ಮಾತ್ರೆ ಇಲ್ಲ. ಕಾರಣ ಗೊತ್ತಾದ ಕಡೆ ಮಾತ್ರ ಒಳ್ಳೆಯ ಔಷಧಿಗಳು ಬಂದಿವೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ನಿಜಕ್ಕೂ ದೊಡ್ಡ ಗೆಲುವಾಗಿದೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಲೆಕ್ಸಾಕಾಫ್ಟರ್, ಟೆಜಾಕಾಫ್ಟರ್, ಐವಾಕಾಫ್ಟರ್ ಜೋಡಣೆಯಲ್ಲಿ ಮೊದಲೆರಡು ಸಿಎಫ್‌ಟಿಆರ್ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತವೆ. ಮೂರನೆಯದು ಮೇಲ್ಮೈಗೆ ತಲುಪಿದ ಪ್ರೋಟೀನ್‌ನ ಬಾಗಿಲು ತೆರೆದಿಡುತ್ತದೆ. ತಪ್ಪಿದ ಮಡಿಕೆಯನ್ನು ಔಷಧಿಯಿಂದ ತಿದ್ದಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಂಟಿಟ್ರಿಪ್ಸಿನ್ ಕೊರತೆಯಲ್ಲಿ, ದಾನಿಗಳ ರಕ್ತದಿಂದ ತೆಗೆದ ಪ್ರೋಟೀನನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತಾರೆ. ಅದು ಶ್ವಾಸಕೋಶ ಕಾಯುತ್ತದೆ, ಲಿವರ್‌ನ ಮುದ್ದೆಯನ್ನು ಮುಟ್ಟುವುದಿಲ್ಲ. ಐಪಿಎಫ್‌ಗೆ ಪಿರ್ಫೆನಿಡೋನ್, ನಿಂಟೆಡನಿಬ್ ಇವೆ. ಇವು ಶ್ವಾಸಕೋಶ ಗಟ್ಟಿಯಾಗುವ ವೇಗವನ್ನು ತಗ್ಗಿಸುತ್ತವೆ, ಆದ ಹಾನಿಯನ್ನು ಹಿಂದಿರುಗಿಸುವುದಿಲ್ಲ. ಉಳಿದಂತೆ ಹೊಗೆ ಮತ್ತು ಧೂಳಿನಿಂದ ದೂರ ಇರುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ತಜ್ಞರು ಹೇಳಿಕೊಟ್ಟ ಉಸಿರಾಟದ ವ್ಯಾಯಾಮ. ಕೇಳಲು ಸಣ್ಣದು ಅನ್ನಿಸಬಹುದು. ಆದರೆ ಪ್ರತಿ ಸೋಂಕು ತಪ್ಪಿದಾಗಲೂ ಕೋಶದ ಮೇಲೆ ಒಂದು ಹೊರೆ ಕಡಿಮೆ.

ಉಪವಾಸ ಮಾಡಿದರೆ ಆಟೋಫೇಜಿ ಹೆಚ್ಚಾಗಿ ಮುದ್ದೆ ಕರಗುತ್ತದಂತೆ, ನಿಜವೇ?

ಹಸಿದ ಕೋಶದಲ್ಲಿ ಆಟೋಫೇಜಿ ಹೆಚ್ಚುವುದು ನಿಜ. ಓಸುಮಿ ಅವರೂ ಯೀಸ್ಟನ್ನು ಉಪವಾಸ ಕೆಡವಿಯೇ ಅದನ್ನು ಕಂಡದ್ದು. ಆದರೆ ಅಲ್ಲಿಂದ ಶ್ವಾಸಕೋಶದ ರೋಗಿ ಉಪವಾಸ ಮಾಡಬೇಕು ಅನ್ನುವ ತೀರ್ಮಾನಕ್ಕೆ ಹಾರುವುದು ತಪ್ಪು. ಉಪವಾಸದಿಂದ ರೋಗಿಯ ಶ್ವಾಸಕೋಶದ ಮುದ್ದೆ ಕರಗಿದ್ದಕ್ಕೆ ಆಧಾರವಿಲ್ಲ. ತೂಕ ಇಳಿದ ರೋಗಿಗಳು ಹೆಚ್ಚು ಕಷ್ಟಪಡುತ್ತಾರೆ ಅನ್ನುವುದಕ್ಕೆ ಬೇಕಾದಷ್ಟು ಆಧಾರವಿದೆ.

ಇದು ಅಂಟುತ್ತದೆಯೇ? ಕ್ಯಾನ್ಸರ್ ಆಗುತ್ತದೆಯೇ?

ಅಂಟುವುದಿಲ್ಲ. ಒಟ್ಟಿಗೆ ಕೂರಬಹುದು, ಮಲಗಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಮುದ್ದೆ ತಾನಾಗಿ ಕ್ಯಾನ್ಸರ್ ಅಲ್ಲ. ಆದರೆ ಸಿಗರೇಟು, ಕಲ್ನಾರು ಇವೆರಡೂ ಕ್ಯಾನ್ಸರಿಗೂ ಕಾರಣ. ಐಪಿಎಫ್ ಇರುವವರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ಹೆಚ್ಚು. ಹಾಗಾಗಿ ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನ್ ತಪ್ಪಿಸಬೇಡಿ.

ಮುಂದಿನ ಸಲ ವೈದ್ಯರನ್ನು ಏನು ಕೇಳಲಿ?

'ಈ ಮುದ್ದೆ ಯಾವ ಕಾಯಿಲೆಯಿಂದ ಬಂದಿದೆ ಅಂತ ನಿಮಗೆ ಅನ್ನಿಸುತ್ತದೆ?' ಅಂತಲೇ ಶುರು ಮಾಡಿ. ಆಂಟಿಟ್ರಿಪ್ಸಿನ್ ಪರೀಕ್ಷೆ ಆಗಿದೆಯೇ ಅಂತ ಕೇಳಿ. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, ಜೀನ್ ಪರೀಕ್ಷೆ ಬೇಕೇ ಅಂತ ಕೇಳಿ. ಇದುವರೆಗೆ ಮಾಡಿದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಾಕಿದ ಹಕ್ಕಿ, ತೆಗೆದುಕೊಂಡ ಔಷಧಿ, ಸೇದಿದ ವರ್ಷ ಎಲ್ಲವನ್ನೂ ಅದರಲ್ಲಿ ಸೇರಿಸಿ. ಬಯಾಪ್ಸಿ ಸ್ಲೈಡ್‌ಗಳನ್ನು ಲ್ಯಾಬ್‌ಗಳು ಜೋಪಾನವಾಗಿ ಇಟ್ಟಿರುತ್ತವೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕಿದ್ದರೆ ಅವೇ ಸ್ಲೈಡ್‌ಗಳನ್ನು ಕೇಳಿ ಪಡೆಯಬಹುದು. ಸಾಮಾನ್ಯವಾಗಿ ಅದಕ್ಕಾಗಿ ಮತ್ತೊಮ್ಮೆ ಸೂಜಿ ಹಾಕಬೇಕಾಗುವುದಿಲ್ಲ.

ಇದರ ನಡುವೆ ಉಸಿರಾಟ ಹಠಾತ್ತಾಗಿ ಕಷ್ಟವಾದರೆ, ತುಟಿ ಅಥವಾ ಉಗುರು ನೀಲಿಯಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.